ದೊರೆ ಇಲ್ಲದಾಗ ಸೇರಿದ ಸಭೆ

ಪ್ರೀತಿಯ ಫಿಲೋಮಿನಾ ಮೇಡಂ,

ಹಲಸೂರಿನ ಕಾಲೇಜಿನಲ್ಲಿ ನೀವು ದಕ್ಷಿಣ ಅಮೆರಿಕದ ಪಾಠ ಶುರುಮಾಡಿದ ದಿನ ನೆನಪಾಗುತ್ತಿದೆ. ಸ್ಪೇನಿನ ದೊರೆಯನ್ನು ನೆಪೋಲಿಯನ್ ಸೆರೆಯಲ್ಲಿಟ್ಟಿದ್ದ. ಕಡಲಾಚೆ, ಆ ದೊರೆಯ ಆಳ್ವಿಕೆಯಲ್ಲಿದ್ದ ಊರುಗಳಲ್ಲಿ ಜನ ಪುರಸಭೆಗೆ ಬಂದು ಸೇರಿದರು. "ದೊರೆನೇ ಇಲ್ಲ ಅಂದ್ಮೇಲೆ ಅಧಿಕಾರ ಯಾರ್ದು?" ಎಂದು ಕೇಳಿದಿರಿ. ಜನರದ್ದು ಎಂದೆ. ನೀವು ಅಷ್ಟಕ್ಕೇ ಬಿಡಲಿಲ್ಲ. "ಯಾವ ಜನ ಮಾ?"

ಆಮೇಲೆ ನೀವೇ ಬಿಡಿಸಿ ಹೇಳಿದಿರಿ. ಸಭೆಯಲ್ಲಿ ಕೂತವರು ಅಲ್ಲೇ ಹುಟ್ಟಿದ, ಸ್ಪೇನ್ ಮೂಲದ ಉಳ್ಳವರು. ಮೊದಲು ದೊರೆಯ ಹೆಸರಲ್ಲೇ ಆಣೆಯಿಟ್ಟು ಆಡಳಿತ ನಡೆಸಿದರು. ನಡೆಸುತ್ತಾ ನಡೆಸುತ್ತಾ ದೊರೆಯೇ ಬೇಡವೆನಿಸಿತು, ಸ್ವಾತಂತ್ರ್ಯಕ್ಕೆ ಯುದ್ಧ ಶುರುವಾಯಿತು. ಮೂಲನಿವಾಸಿಗಳು, ಗುಲಾಮರು ಯುದ್ಧಕ್ಕೆ ಬೇಕಾದರು, ಸಭೆಗೆ ಮಾತ್ರ...

ನೀವು ಕಣ್ಣುಮುಚ್ಚಿದ ಮರುವರ್ಷ, ಬೇಸಿಗೆಯಲ್ಲಿ, ಗರುಡಾಚಾರ್‌ಪಾಳ್ಯದ ನಮ್ಮ ವಠಾರದ ಮಾಲೀಕರು ತೀರಿಕೊಂಡರು. ಮಕ್ಕಳಿಬ್ಬರೂ ಆಸ್ತಿಗೆ ಜಗಳವಾಡುತ್ತಾ ಇತ್ತ ತಲೆಹಾಕಲಿಲ್ಲ. ಬೋರಿನ ಮೋಟರ್ ಸುಟ್ಟು ನೀರು ನಿಂತಿತು. ಬಾಡಿಗೆಗಿದ್ದ ಗಂಡಸರು ತಾರಸಿಯಲ್ಲಿ ಸೇರಿ, ಮಾಲೀಕರ ಮಕ್ಕಳನ್ನು ಕೇಳದೆ ಏನೂ ಮುಟ್ಟುವುದು ಬೇಡ ಎಂದು ಮಾತಾಡಿಕೊಂಡರು. ಹೆಂಗಸರನ್ನು ಯಾರೂ ಕರೆದಿರಲಿಲ್ಲ.

ನಮ್ಮವ್ವನನ್ನು ನೀವು ಒಮ್ಮೆ ನೋಡಿದ್ದಿರಿ. ಅಪ್ಪ ಸತ್ತ ಮೇಲೆ ಯಾದಗಿರಿಯಿಂದ ನನ್ನನ್ನು ಕಟ್ಟಿಕೊಂಡು ಬಂದು ಕಟ್ಟಡದ ಕೆಲಸ ಮಾಡಿದವಳು. ಅವತ್ತು ಖಾಲಿ ಕೊಡ ಹಿಡಿದೇ ತಾರಸಿ ಹತ್ತಿದಳು. "ನೀರ್ ಹೊರಾವ್ರು ನಾವು. ನಮ್ಮನ್ನ ಬಿಟ್ಟು ಹ್ಯಾಂಗ್ ಮಾತಾಡ್ತೀರಿ?" ಎಂದಳು. ಒಬ್ಬರು ಕೆಳಗೆ ಹೋಗಮ್ಮಾ ಎಂದರು. ಅವ್ವ ಅಲ್ಲೇ ಕುಳಿತಳು. ಹಿಂದೆಯೇ ಪಕ್ಕದ ಮನೆಯ ಸೆಲ್ವಿ ಅಕ್ಕ, ನಾನು, ಉಳಿದ ಹೆಂಗಸರು. ಯಾರಿಗೂ ಕಾಯದೆ ರಿಪೇರಿ ಮಾಡಿಸುವುದೆಂದು ತೀರ್ಮಾನವಾಯಿತು. ಮರುದಿನ ನೀರು ಬಂತು.

ಮಾಲೀಕರ ದೊಡ್ಡ ಮಗ ವಾರದೊಳಗೆ ಬಂದು, ಯಾರನ್ನು ಕೇಳಿ ಮಾಡಿದಿರಿ, ಎಲ್ಲರನ್ನೂ ಖಾಲಿ ಮಾಡಿಸುತ್ತೇನೆ ಎಂದು ಕೂಗಾಡಿದ. ವಠಾರಕ್ಕೆ ವಠಾರವೇ ಹೊರಬಂದು ನಿಂತಿತು. ಅವ್ವನ ಕೈ ಹಿಡಿದುಕೊಂಡೆ. ಅವನು ಎಲ್ಲರ ಮುಖ ನೋಡಿದ. ಬೈಕ್ ಹತ್ತಿ ಹೊರಟ. ಖಾಲಿ ಮಾಡಿಸುವ ಮಾತು ಮತ್ತೆ ಬರಲಿಲ್ಲ.

ಒಂದು ಭಾನುವಾರ ಊಟಕ್ಕೆ ಕೂತಾಗ ನಿಮ್ಮ ಪಾಠವನ್ನು ಅವ್ವನಿಗೆ ಹೇಳಿದೆ. ಎಲ್ಲ ಕೇಳಿ, "ಯುದ್ಧದಾಗ ಸತ್ತವ್ರ ಹೆಂಡ್ರು ಆಮ್ಯಾಲ ಹ್ಯಾಂಗ್ ಬದುಕಿದ್ರು?" ಎಂದಳು. ನಮ್ಮ ಪಠ್ಯದಲ್ಲಿ ಅದು ಎಲ್ಲಿತ್ತು ಮೇಡಂ? ನೀವಿದ್ದಿದ್ದರೆ ಓಡಿಬಂದು ಕೇಳುತ್ತಿದ್ದೆ.

ಆ ವಿಧವೆಯರ ಬದುಕನ್ನೇ ವಿಷಯವಾಗಿಟ್ಟುಕೊಂಡು ಪಿಎಚ್.ಡಿ.ಗೆ ಸೇರಿದ್ದೇನೆ. ಇಂದಿರಾನಗರದಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಈ ಪ್ರಶ್ನೆ ಯಾವ ಪುಸ್ತಕದಿಂದ ಹೊಳೆಯಿತು ಎಂದು ಗೈಡ್ ಕೇಳಿದರು.

ಅವ್ವ ಕೇಳಿದ್ದು ಎಂದೆ.

ನಿಮ್ಮ,
ಭೀಮಾಬಾಯಿ