ಗೇಣುದ್ದದ ಕಾರಿಗೆ ಅಕ್ಕನ ಪ್ಯಾರಾಚೂಟ್

ಅಕ್ಕಾ,

ಗೆದ್ದುಬಿಟ್ವಿ! ಪುಟಾಣಿ ಮಾದರಿಗಳ ಸ್ಪರ್ಧೆಯಲ್ಲಿ ಮೊದಲ ಬಹುಮಾನ! ಹೇಳೋಣವೆಂದು ಓಡಿ ಬಂದರೆ ನೀನು ಹೊಲಿದ ಬಟ್ಟೆ ಕೊಡಲು ಹೋಗಿದ್ದೀಯ. ಮೊಬೈಲು ನೋಡಿದರೆ ಹೊಲಿಗೆ ಯಂತ್ರದ ಮೇಲೇ ಬಿದ್ದಿದೆ. ನಿನ್ನನ್ನು ಏನು ಮಾಡಬೇಕು ಹೇಳು! ನಾನು ಈಗಲೇ ಪ್ರದರ್ಶನಕ್ಕೆ ವಾಪಸ್ ಹೋಗಬೇಕು, ಅದಕ್ಕೇ ಈ ಚೀಟಿ.

ಹೋದ ವರ್ಷ "ಆಟಿಕೆ ಚೆನ್ನಾಗಿದೆ" ಎಂದು ಮೂಗು ಮುರಿದಿದ್ದ ತೀರ್ಪುಗಾರರೇ ಈ ಸಲವೂ ಬಂದಿದ್ದರು. ನಮ್ಮ ರೇಸ್ ಕಾರಿನ ಮುಂದೆ ಭೂತಗನ್ನಡಿ ಹಿಡಿದು ಕೂತವರು ಏಳಲೇ ಇಲ್ಲ. ಮೂರು ತಿಂಗಳು ಕಣ್ಣು ನೋಯಿಸಿಕೊಂಡು ನಾನು ಜೋಡಿಸಿದ ಎಂಜಿನ್ ಬಗ್ಗೆ ಒಂದು ಮಾತಿಲ್ಲ! ಓಟ ಮುಗಿದ ಮೇಲೆ ಕಾರನ್ನು ನಿಲ್ಲಿಸಲು ಹಿಂದೆ ಬಿಚ್ಚಿಕೊಳ್ಳುವ ಪ್ಯಾರಾಚೂಟ್ ಇದೆಯಲ್ಲ, ನೀನು ಲೈನಿಂಗ್ ಬಟ್ಟೆಯ ಚೂರಿನಲ್ಲಿ ಗೊಣಗುತ್ತಾ ಹೊಲಿದುಕೊಟ್ಟದ್ದು, ಅದನ್ನೇ ಬೆರಳ ತುದಿಯಲ್ಲಿ ಎತ್ತಿ ನೋಡಿದರು.

"ಈ ಹೊಲಿಗೆ ಯಾರದ್ದಮ್ಮಾ?"

"ನಮ್ಮಕ್ಕಂದು ಸಾರ್. ಕೈಯಲ್ಲೇ ಹೊಲಿದಿದ್ದು."

"ಇಪ್ಪತ್ತು ವರ್ಷ ನಿಜವಾದ ರೇಸ್ ಕಾರುಗಳಿಗೆ ಮೆಕ್ಯಾನಿಕ್ ಆಗಿದ್ದೆ ನಾನು. ಇದನ್ನ ಆಟಿಕೆ ಅನ್ನೋಕಾಗಲ್ಲ. ಅವರನ್ನ ಕರ್ಕೊಂಡು ಬಾ."

ಊಟದ ಮೇಜಿನ ಮೇಲೆ ಬೋರಲು ಹಾಕಿರುವ ಪಾತ್ರೆ ಎತ್ತಬೇಡ, ಒಳಗೆ ನನ್ನ ಹೊಸ ಪುಟಾಣಿ ಲಾರಿಯ ಬಣ್ಣ ಒಣಗುತ್ತಿದೆ. ಒಂದು ಕಣ ಧೂಳು ಕೂತರೂ ನನ್ನ ಕಥೆ ಮುಗಿಯಿತು.

ಉಂಡು, ನಾಲ್ಕು ಗಂಟೆಯೊಳಗೆ ಬಾ. ಬಹುಮಾನ ಕೊಡುವುದು ಆಗಲೇ. "ನಾನ್ಯಾಕೆ ಅಲ್ಲಿಗೆ" ಎಂಬ ಹಳೇ ರಾಗ ಬೇಡ. ಕಾರಿನ ಮುಂದಿಟ್ಟ ಹಲಗೆಯಲ್ಲಿ ನನ್ನ ಹೆಸರಿಗಿಂತ ಮೊದಲು ನಿನ್ನ ಹೆಸರು ಬರೆಸಿದ್ದೇನೆ. ಬೈಯುವುದಿದ್ದರೆ ಅಲ್ಲಿಗೇ ಬಂದು ಎಲ್ಲರೆದುರು ಬೈಯಿ.

ನಿನ್ನ ತಂಗಿ