ನೀನು ಕೇಳದೇ ಬಿಟ್ಟ ಪ್ರಶ್ನೆ

ವಿದ್ಯಕ್ಕ,

ನೀನು ತೀರಿಕೊಂಡ ಮೇಲೆ ನಿನ್ನ ಯಜಮಾನರು ನನ್ನ ಯಜಮಾನರಾದರು. ನಿನ್ನ ಕೆಲಸವೂ ನನ್ನದಾಗಲಿ ಎಂದು ಇವತ್ತು ಶಿಗ್ಗಾಂವಿಗೆ ಹೋಗಿ ವಿಮಾ ಏಜೆಂಟ್ ಲೈಸೆನ್ಸಿಗೆ ಅರ್ಜಿ ಕೊಟ್ಟೆ. ಅಲ್ಲಿಯೂ ನೀನೇ! "ವಿದ್ಯಾ ಮೇಡಂ ಮನಿಯವರನ್ರಿ? ಹಂಗಾದ್ರ ಪರೀಕ್ಷಾ ಪಾಸಾದಂಗ ಬಿಡ್ರಿ" ಅಂದರು ವಿಮಾ ಆಫೀಸಿನ ಸಾಹೇಬರು. ನಮ್ಮ ಬಂಕಾಪುರದಲ್ಲಿ ನೀನು ಪಾಲಿಸಿ ಮಾಡಿಸದ ಮನೆ ಒಂದಾದರೂ ಉಳಿದಿದೆಯೇ ಎಂದು ಬಸ್ಸಿನುದ್ದಕ್ಕೂ ಹೊಟ್ಟೆ ಉರಿಯಿತು.

ಪಾಲಿಸಿ ಮಾಡಿಸುವಾಗ ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ಮೊದಲು ಮನೆಯಲ್ಲೇ ಕೇಳಿ ರೂಢಿ ಮಾಡಿಕೊಳ್ಳಲು ಸಾಹೇಬರು ಹೇಳಿದ್ದರು. ಪಲ್ಯ ಬಡಿಸುತ್ತಾ ಇವರನ್ನೇ ಕೇಳಿದೆ: "ನಾಳೆ ನೀವು ಇಲ್ಲದಂಗ ಆದ್ರ ನನ್ನ ಗತಿ ಏನ್ರಿ?"

ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. "ವಿದ್ಯಾ ಊರಿಗೆಲ್ಲಾ ಇದನ್ನ ಕೇಳಿದ್ಲು. ನನಗ ಕೇಳಾಕ ಮಾತ್ರ ಆಕಿಗೆ ಬಾಯೇ ಬರಲಿಲ್ಲ" ಅಂದರು.

ನಾನು ಒಂದಿಷ್ಟೂ ತಡವರಿಸದೆ ಕೇಳಿದ್ದೆ, ಅಕ್ಕ.