ಅಳತೆ ಇಲ್ಲಿ, ಖರೀದಿ ಅಲ್ಲಿ

ಪುಟ್ಟೀ,

ಊಟ ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ತಿನ್ನು. ನಮ್ಮ ಶೂ ಅಂಗಡಿ ಖಾಲಿ ಮಾಡಿ, ಮಾಲೀಕರಿಗೆ ಬೀಗದ ಕೈ ಕೊಟ್ಟು ಬರುತ್ತೇನೆ. ಕಾಯಬೇಡ.

ನಿನ್ನ ಪಾರ್ಸೆಲ್ ಬಂತು. ನನ್ನದೆಂದುಕೊಂಡು ಒಡೆದುಬಿಟ್ಟೆ. ಮಂಗಳವಾರ ಅಂಗಡಿಗೆ ಬಂದು ಹಾಕಿ ನೋಡಿದೆಯಲ್ಲ, ಅದೇ ಕಪ್ಪು ಶೂ. "ಯೋಚನೆ ಮಾಡ್ತೀನಿ ಅಪ್ಪ" ಅಂದಿದ್ದೆ.

ಎರಡು ವರ್ಷದಿಂದ ಗಿರಾಕಿಗಳ ಬಾಯಲ್ಲೂ ಇದೇ ಮಾತು. ನಮ್ಮ ಸ್ಟೂಲಿನ ಮೇಲೆ ಕೂತು ಹತ್ತು ಜೊತೆ ಹಾಕಿ ನೋಡುತ್ತಾರೆ. ಆಮೇಲೆ ಅಗ್ಗಕ್ಕೆ ಸಿಗುತ್ತದೆಂದು ಮನೆಗೆ ಹೋಗಿ ಆನ್‌ಲೈನಿನಲ್ಲಿ ತರಿಸುತ್ತಾರೆ. ಅವರನ್ನಾದರೆ ಮನಸ್ಸಿನಲ್ಲೇ ಬೈದುಕೊಂಡು ಸುಮ್ಮನಾಗುತ್ತಿದ್ದೆ. ನಿನ್ನನ್ನು ಹೇಗೆ ಬೈಯಲಿ? ಕೆಲಸ ಸಿಕ್ಕ ಮೇಲೆ ಅಪ್ಪನಿಂದ ಬಿಟ್ಟಿ ತೆಗೆದುಕೊಳ್ಳಬಾರದೆಂಬ ಹಟ ನಿನ್ನದು. ಹೋಗಲಿ ಬಿಡು.

ನಿನ್ನ ಎಡಗಾಲು ಒಂಚೂರು ಚಿಕ್ಕದು, ಅದು ಆನ್‌ಲೈನಿನವರಿಗೇನು ಗೊತ್ತು? ಚಿಕ್ಕಂದಿನಲ್ಲಿ ಮಾಡುತ್ತಿದ್ದ ಹಾಗೆಯೇ ಎಡಗಡೆಯದಕ್ಕೆ ಒಳಗೆ ಮೆತ್ತೆ ಕೂರಿಸಿದ್ದೇನೆ. ನಾಳೆ ಹಾಕಿಕೊಂಡು ಹೋಗು, ಕಚ್ಚುವುದಿಲ್ಲ. ಹೊರಡುವಾಗ ಹಿಂದಿನ ಬಾಗಿಲ ಚಿಲಕ ಮರೆಯಬೇಡ.

ಒಂದು ಮಾತು ಹೇಳದೆ ಇರಲಾರೆ. ನಾನು ನೆಲದ ಮೇಲೆ ಕೂತು ನಿನಗೆ ಲೇಸು ಕಟ್ಟುವಾಗ ನೀನು ಫೋನು ಹಿಡಿದು ಫೋಟೋ ತೆಗೆದೆಯಲ್ಲ, ಅದು ಪಕ್ಕದಲ್ಲಿದ್ದ ಶೂ ಡಬ್ಬಿಯ ಮೇಲಿನ ಮಾಡೆಲ್ ನಂಬರಿನದು ಅಂತ ಈಗ ಗೊತ್ತಾಯಿತು. ಅಂಗಡಿ ಮುಚ್ಚುತ್ತದಲ್ಲ, ಅಪ್ಪನದೊಂದು ನೆನಪಿಗಿರಲಿ ಅಂತ ತೆಗೆಯುತ್ತಿದ್ದೀಯ ಎಂದುಕೊಂಡು ನಾನು ಕೂದಲು ಸರಿಮಾಡಿಕೊಂಡಿದ್ದೆ.

ಅಪ್ಪ